ಎಮ್ಮೆ ಬರುವ ಹೊತ್ತು

ತುಕ್ಕಾನಟ್ಟಿಯ ನಮ್ಮ ಓಣಿಯಲ್ಲಿ ಕೂಸನ್ನು ಬಿಟ್ಟು ಕೆಲಸಕ್ಕೆ ಹೋಗುವುದಕ್ಕೆ ಇರುವುದು ಒಂದೇ ಉಪಾಯ. ಅಜ್ಜಿ ಕೂಸನ್ನು ಎತ್ತಿಕೊಂಡು "ಅಲ್ಲಿ ನೋಡು, ಗಿಡದಾಗ ಮಂಗ್ಯಾ" ಅನ್ನಬೇಕು. ಕೂಸು ಆ ಕಡೆ ಕತ್ತು ತಿರುಗಿಸಿದಾಗ ತಾಯಿ ಹಿತ್ತಲ ಬಾಗಿಲಿನಿಂದ ಪಾರಾಗಬೇಕು. ನಾನೂ ಹಾಗೆಯೇ ಬೆಳೆದವನು. ಓಣಿಯ ಬೇವಿನ ಮರದಲ್ಲಿ ಒಂದು ಸಲವೂ ಮಂಗ ಇರಲಿಲ್ಲ ಎಂಬ ಸಿಟ್ಟು ಇನ್ನೂ ಇಳಿದಿಲ್ಲ.

ಎದುರು ಮನೆಯ ಶೀತಲ್‌ಳ ಮಗಳು ವಿಜಯಶ್ರೀಗೆ ನಾಲ್ಕು ವರ್ಷ. ಈ ಉಪಾಯ ಅವಳ ಮೇಲೆ ಎಷ್ಟು ಸಲ ನಡೆಯಿತೆಂದರೆ, ಯಾರು ಏನು ತೋರಿಸಿದರೂ ಅವಳು ತಿರುಗಿ ನೋಡುವುದನ್ನೇ ಬಿಟ್ಟಳು. ಮದುವೆಯ ಬ್ಯಾಂಡು ಬಾಗಿಲ ಮುಂದೆ ಹಾದುಹೋದರೂ ಕಣ್ಣು ತಾಯಿಯ ಮೇಲೆ, ಮುಷ್ಟಿಯಲ್ಲಿ ತಾಯಿಯ ಸೆರಗು. ಅಂಗನವಾಡಿಯಲ್ಲಿ ಕೂಡಿಸಿದರೆ ಅಳು, ಊಟವಿಲ್ಲ, ಚಡ್ಡಿಯಲ್ಲೇ ಉಚ್ಚೆ. ಅಜ್ಜಿ ಮುದಕವ್ವ ದೃಷ್ಟಿ ತೆಗೆದಳು, ತಾಯತ ಕಟ್ಟಿಸಿದಳು. ಅಂಜಿಕೆ ಹೋಗಲಿಲ್ಲ.

ಅಷ್ಟರಲ್ಲಿ ಘಟಪ್ರಭಾದಿಂದ ಒಬ್ಬ ಅಕ್ಕೋರು ಬಂದು, ಅಂಜುವ ಮಕ್ಕಳ ತಾಯಂದಿರಿಗೆ ಅಂಗನವಾಡಿಯಲ್ಲಿ ವಾರಕ್ಕೊಮ್ಮೆ ತರಬೇತಿ ಶುರುಮಾಡಿದರು.

"ಕದ್ದು ಹೋಗಬ್ಯಾಡ್ರಿ. ಅಪ್ಪಿಕೊಂಡು, ಮಕ ನೋಡಿ ಹೇಳಿ ಹೋಗ್ರಿ. ಯಾವಾಗ ಬರ್ತೀರಿ ಅನ್ನೂದು ಕೂಸಿಗೆ ತಿಳಿಯೂ ಹಂಗ ಹೇಳ್ರಿ. ಹೇಳಿದ ಹೊತ್ತಿಗೆ ಬರ್ರಿ" ಅಂದರು.

ಉಳಿದ ಹೆಂಗಸರು ಮುಸಿಮುಸಿ ನಕ್ಕರು. ಶೀತಲ್ ನಗಲಿಲ್ಲ.

"ಅಕ್ಕೋರ, ನಾವು ಭೀಮಶಿ ಅಣ್ಣನ ಟಂಟಂದಾಗ ಹೊಲದ ಕೆಲಸಕ್ಕ ಹೋಗವ್ರು. ಅಂವ ಗಾಡಿ ತಂದಾಗ ನಾವು ಮನಿಗೆ. ಹೊತ್ತು ನಮ್ಮ ಕೈಯಾಗ ಇಲ್ರಿ."

ಅಕ್ಕೋರು "ಆದಷ್ಟು ನೋಡ್ರಿ" ಅಂದರು. ಪಾಪ, ಅವರು ಕಲಿತ ಪುಸ್ತಕದಲ್ಲಿ ಟಂಟಂ ಇರಲಿಲ್ಲವೆಂದು ಕಾಣುತ್ತದೆ.

ಮರುದಿನ ಶೀತಲ್ ಮುಂಬಾಗಿಲಲ್ಲೇ ಕೂತು ಮಗಳ ಗಲ್ಲ ಹಿಡಿದು ಹೇಳಿದಳು: "ಸಂಜಿಮುಂದ ನಮ್ಮ ಎಮ್ಮಿ ಮೇದು ಮನಿಗೆ ಬರತೈತೆಲ್ಲ, ಆವಾಗ ನಾನೂ ಬರ್ತೇನಿ."

ಓಣಿಯೇ ಹಾರಿಹೋಗುವಂತೆ ಅತ್ತಳು ವಿಜಯಶ್ರೀ. ಆದರೆ ಸಂಜೆ ಎಮ್ಮೆಯ ಬೆನ್ನಿಗೇ ತಾಯಿ ಬಂದಳು. ಮರುದಿನವೂ ಬಂದಳು. ಬರಬರುತ್ತ ಹುಡುಗಿ ಅಂಗನವಾಡಿಯಲ್ಲಿ ಉಣ್ಣತೊಡಗಿದಳು. ಸಂಜೆಯಾದರೆ ಕಟ್ಟೆಯ ಮೇಲೆ ಕೂತು ಎಮ್ಮೆಯ ದಾರಿ ಕಾಯುವಳು. ಒಂದು ದಿನ ನಾನು "ಅಲ್ಲಿ ನೋಡವಾ, ಗಿಳಿ" ಅಂದರೆ ತಿರುಗಿ ನೋಡಿಯೇಬಿಟ್ಟಳು! ಗಿಳಿ ಖರೆಯಾಗಿಯೂ ಇತ್ತು, ನನ್ನ ಪುಣ್ಯ. ಶೀತಲ್‌ಗೆ ಹೇಳಿದರೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಅರಿಷಿಣ ಕೀಳುವ ದಿನಗಳು ಬಂದವು. ಅಂದು ಮಸಗುಪ್ಪಿಯ ಹೊಲದಲ್ಲಿ ಕೆಲಸ ಮುಗಿಯಲಿಲ್ಲ. ಮುಗಿಸಿಯೇ ಹೋಗಬೇಕೆಂದು ಹೊಲದವನು ಹಟ ಹಿಡಿದ.

"ಅಣ್ಣಾ, ಎಮ್ಮಿ ಬರೂ ಹೊತ್ತಾತು, ನನ್ನಷ್ಟ ಬಿಟ್ಟು ಬಾ" ಎಂದು ಶೀತಲ್ ಬೇಡಿಕೊಂಡಳು.

"ಎಮ್ಮಿ ಸಲುವಾಗಿ ಗಾಡಿ ತಗೀಲೇನ ತಂಗಿ?" ಎಂದು ಭೀಮಶಿ ನಕ್ಕ. ಒಬ್ಬಳಿಗಾಗಿ ಗಾಡಿ ಹೊರಡಿಸಿದರೆ ಡೀಸೆಲ್ಲು ಯಾರಪ್ಪನದು? ಶೀತಲ್ ಅತ್ತೆ ಮುದಕವ್ವನಿಗೆ ಫೋನು ಮಾಡಿ, ತಡವಾಗುತ್ತದೆ ಎಂದಳು.

ಮುದಕವ್ವನದು ಹೆಂಗರುಳು. ಎಮ್ಮೆ ಬಂದು ತಾಯಿ ಬಾರದಿದ್ದರೆ ಕೂಸು ಹೌಹಾರೀತು ಎಂದು ಓಣಿಯ ತುದಿಯಲ್ಲೇ ಎಮ್ಮೆಯನ್ನು ತಡೆದು, ಯಾರನ್ನೂ ಕೇಳದೆ ನಮ್ಮ ಹಿತ್ತಲಿಗೆ ತಂದು ಕಟ್ಟಿದಳು. ಹೋಗಿ ಮೊಮ್ಮಗಳಿಗೆ "ಎಮ್ಮಿ ಇನ್ನಾ ಬಂದಿಲ್ಲವಾ" ಅಂದಳು. ಮೂಕ ಪ್ರಾಣಿಗೆ ಈ ಜಾಣತನ ಹೇಗೆ ತಿಳಿಯಬೇಕು? ಕೆಚ್ಚಲು ಬಿಗಿದು, ಕರುವಿಗಾಗಿ ಒದರಿತು. ವಿಜಯಶ್ರೀ ಸದ್ದು ಹಿಡಿದು ನಮ್ಮ ಹಿತ್ತಲಿಗೆ ಬಂದಳು. ಎಮ್ಮೆಯನ್ನು ನೋಡಿದಳು, ಹಿಂದೆ ಓಡಿಬಂದ ಅಜ್ಜಿಯನ್ನು ನೋಡಿದಳು. ಅಳಲಿಲ್ಲ. ದೀಪ ಹಚ್ಚಿದ ಮೇಲೆ ತಾಯಿ ಬಂದು ಬಾಚಿ ಅಪ್ಪಿಕೊಂಡಾಗಲೂ ಕಟ್ಟಿಗೆಯ ಹಾಗೆ ನಿಂತಿದ್ದಳು.

"ಮತ್ತ ನಂಬತೈತಿ ಕೂಸು. ಹೊತ್ತು ಮಾತ್ರ ತಪ್ಪಸಬ್ಯಾಡ್ರಿ" ಅಂದರು ಅಕ್ಕೋರು, ಮುಂದಿನ ತರಬೇತಿಯಲ್ಲಿ. ಅರಿಷಿಣ ಇನ್ನೂ ಅರ್ಧ ನೆಲದಲ್ಲೇ ಇತ್ತು. ಆ ವಾರವೂ ಹೊತ್ತು ತಪ್ಪಿತು, ಮುಂದಿನ ವಾರವೂ ತಪ್ಪಿತು. ಶೀತಲ್ ತರಬೇತಿಗೆ ಹೋಗುವುದನ್ನು ಬಿಟ್ಟಳು. ಅಕ್ಕೋರಿಗೆ ಮುಖ ತೋರಿಸಲು ಅವಳಿಗೆ ನಾಚಿಕೆ.

ಈಗ ವಿಜಯಶ್ರೀ ಅಳುವುದಿಲ್ಲ. "ಶಾಣೇ ಆತು ನೋಡ್ರಿ ಕೂಸು" ಎಂದು ಓಣಿಯವರು ಹೊಗಳುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ.

ಮೊನ್ನೆ ಮುಂಜಾನೆ ಟಂಟಂ ಹಾರ್ನ್ ಹೊಡೆಯುತ್ತಿತ್ತು. ಶೀತಲ್ ಬುತ್ತಿ ಹಿಡಿದು ಮಗಳ ಮುಂದೆ ಕೂತಳು. ಯಾವ ಹೊತ್ತು ಹೇಳಬೇಕೋ ತಿಳಿಯದೆ ಬುತ್ತಿಯ ಗಂಟು ಬಿಚ್ಚಿ ಮತ್ತೆ ಕಟ್ಟಿದಳು. ವಿಜಯಶ್ರೀ ತಾಯಿಯ ಮುಖ ನೋಡಿದಳು. ಆಮೇಲೆ ಸೆರಗು ಬಿಟ್ಟು, ಬೇವಿನ ಮರದ ಕಡೆಗೆ ತಾನೇ ಕತ್ತು ತಿರುಗಿಸಿದಳು.

"ಅವ್ವಾ, ನಾ ಮಂಗ್ಯಾ ನೋಡ್ತೇನಿ. ನೀ ಹೋಗು."