ಬಾಡಿಗೆ ಬಾಯಿ

ನಮ್ಮಕ್ಕ ಸರ್ಕಾರಿ ದುಭಾಷಿ. ನಮ್ಮ ಅಧಿಕಾರಿಗಳ ಮಾತನ್ನು ಹೊರದೇಶದವರಿಗೆ, ಅವರದನ್ನು ನಮ್ಮವರಿಗೆ ದಾಟಿಸುವುದು ಅವಳ ಕೆಲಸ. ಅಮ್ಮ ಅದಕ್ಕೆ 'ಬಾಡಿಗೆ ಬಾಯಿ' ಅಂತಾಳೆ. ಅದಕ್ಕೊಂದು ಕಟ್ಟಳೆಯಿದೆ: 'ಅವರು ಹೀಗಂದರು' ಅನ್ನೋ ಹಾಗಿಲ್ಲ. ಮಾತಾಡಿದವರು 'ನಾನು' ಅಂದರೆ ಇವಳೂ 'ನಾನು' ಅನ್ನಬೇಕು. ಹೀಗೆ ಒಂದೇ ಸಭೆಯಲ್ಲಿ ಮಂತ್ರಿಯೂ ಆಗ್ತಾಳೆ, ಡಾಕ್ಟರೂ ಆಗ್ತಾಳೆ. ಪಾತ್ರೆ ತೊಳೆಯೋ ಸರದಿ ಬಂದರೆ ಮಾತ್ರ ಯಾರೂ ಆಗಲ್ಲ!

ಸೋಂಕಿನ ಕಾಲದಲ್ಲಿ ಅವಳ ಕಚೇರಿ ನಮ್ಮ ಮಲಗುವ ಕೋಣೆಗೇ ಬಂತು. ಇಸ್ತ್ರಿ ಮೇಜಿನ ಮೇಲೆ ಕಂಪ್ಯೂಟರ್. ಹೆಡ್‌ಫೋನ್ ಕೆಟ್ಟಿದ್ದರಿಂದ ದೇಶದ ಗುಟ್ಟೆಲ್ಲ ಅಡುಗೆಮನೆಗೆ ಕೇಳುತ್ತಿತ್ತು. ನಾವು ಮಾತ್ರ ಕೆಮ್ಮುವ ಹಾಗಿರಲಿಲ್ಲ.

ಆ ದಿನ ಆಕ್ಸಿಜನ್ ಸಿಲಿಂಡರಿನ ಮಾತು. ಸಮುದ್ರದಾಚೆಯ ಪುಟ್ಟ ದೇಶವೊಂದರಲ್ಲಿ ಸಿಲಿಂಡರ್ ಮುಗಿದು ಜನ ಉಸಿರಿಗೆ ಒದ್ದಾಡುತ್ತಿದ್ದರು. ಕಳಿಸ್ತೀವಿ ಅಂತ ನಮ್ಮ ಸರ್ಕಾರ ಮಾತು ಕೊಟ್ಟಿತ್ತು. ನಮ್ಮ ಆರೋಗ್ಯ ಇಲಾಖೆಯ ಕಾರ್ಯದರ್ಶಿಗಳದೊಂದು ಸಹಿ ಬಾಕಿ. ನಾಳೆ ನಮಗೇ ಬೇಕಾದರೆ ಅನ್ನೋ ಭಯ ಅವರಿಗೆ. ಪ್ರತಿ ಸಭೆಯಲ್ಲೂ "ಮುಂದಿನ ವಾರ ನೋಡೋಣ." ಕೇಳಿ ಕೇಳಿ ನನಗೇ ಮೈ ಉರಿಯುತ್ತಿತ್ತು.

ಆ ಕಡೆಯ ಡಾಕ್ಟರಮ್ಮ ಏನೋ ಹೇಳಿದರು. ಅಕ್ಕ ಎಂದಿನ ದನಿಯಲ್ಲೇ, "ನನ್ನ ಅಮ್ಮ ನಿನ್ನೆ ತೀರಿಕೊಂಡರು. ಸಿಲಿಂಡರ್ ಇರಲಿಲ್ಲ" ಅಂದಳು.

ಅಮ್ಮನ ಕೈಯಿಂದ ಸೌಟು ಬಿತ್ತು. ಕಟ್ಟಳೆ ಅವಳಿಗೆ ಗೊತ್ತಿಲ್ಲ ಅಂತಲ್ಲ. ಆದರೆ ಮಗಳ ಬಾಯಲ್ಲೇ ತನ್ನ ಸಾವು ಕೇಳಿದರೆ ಕಟ್ಟಳೆ ಯಾರಿಗೆ ನೆನಪಿರುತ್ತೆ? ಸೀದಾ ಕೋಣೆಗೆ ನುಗ್ಗಿದಳು.

"ನಿನ್ನ ಬಾಯಿಗೆ ಬೆಂಕಿ ಹಾಕ! ಗುಂಡುಕಲ್ಲಿನ ಹಾಗಿದ್ದೀನಿ, ನಿನ್ನೆಯೇ ಸಾಯಿಸಿಬಿಟ್ಟೆಯಾ?"

ಪರದೆಯ ತುಂಬ ಅಮ್ಮನ ಮುಖ. ನಾನು ಓಡಿಹೋಗಿ, "ನೀನಲ್ಲಮ್ಮ, ಅವರ ಅಮ್ಮ" ಅಂತ ಪಿಸುಗುಟ್ಟಿದೆ.

ಅಮ್ಮ ತಣ್ಣಗಾದಳು. ಡಾಕ್ಟರಮ್ಮನ ಊದಿದ ಕಣ್ಣುಗಳನ್ನೇ ನೋಡಿದಳು. ಆಮೇಲೆ ಕಾರ್ಯದರ್ಶಿಗಳನ್ನು ಕೇಳಿದಳು: "ನಿಮ್ಮ ತಾಯಿ ಇದ್ದಾರೇನಪ್ಪ?"

"ಇದ್ದಾರಮ್ಮ."

"ಮತ್ತೆ ಕೊಟ್ಟ ಮಾತನ್ನ ಯಾಕಪ್ಪ ಎಳೀತೀರಿ?"

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಈಗಲೇ ಸಹಿ ಹಾಕ್ತೀನಿ. ಇವತ್ತಿನ ವಿಮಾನಕ್ಕೇ ಹೋಗಲಿ."

ಅಮ್ಮನಿಗೆ ಅಷ್ಟು ಸಾಲಲಿಲ್ಲ. ಡಾಕ್ಟರಮ್ಮನ ಕಡೆ ತಿರುಗಿ, "ಅಳಬೇಡ ಮಗಳೇ, ನಾನಿದ್ದೀನಿ" ಅಂದಳು. ಅಕ್ಕನ ಭುಜ ತಟ್ಟಿ, "ಹೇಳೇ" ಅಂದಳು.

ಮಂತ್ರಿಗಳ ಸಿಟ್ಟನ್ನೂ ತಡವರಿಸದೆ ದಾಟಿಸಿದ ನಮ್ಮಕ್ಕ ಬಾಯಿ ತೆರೆದಳು, ಮುಚ್ಚಿದಳು. ಕೊನೆಗೆ ಅಮ್ಮನ ಕೈ ಗಟ್ಟಿಯಾಗಿ ಹಿಡಿದುಕೊಂಡು, ಒಡೆದ ದನಿಯಲ್ಲಿ, ಡಾಕ್ಟರಮ್ಮನ ಭಾಷೆಯಲ್ಲಿ, "ನಾನಿದ್ದೀನಿ" ಅಂದಳು.