ನೆಕ್ಲೇಸ್ ಅಂದರೆ ಬೇರೆಯೇ ಆಗಿದ್ದ ಕಾಲ

ನೊಮಾಲಿಜೊಗೆ ಇಂಗ್ಲಿಷ್ ಕಲಿಸಿದ್ದು ಬಿಳಿಯರ ಅಡುಗೆಮನೆ. ದಕ್ಷಿಣ ಆಫ್ರಿಕಾದ ಪೂರ್ವ ಕೇಪ್‌ನ ಆ ಪಟ್ಟಣದ ಒಂದೇ ಮನೆಯಲ್ಲಿ ಪಾತ್ರೆ ತೊಳೆದು, ಅವರ ಮಕ್ಕಳನ್ನು ಎತ್ತಿ ಆಡಿಸಿ, ಕೇಳಿ ಕೇಳಿಯೇ ಕಲಿತಿದ್ದಳು. ಸಂಜೆ ಬಸ್ಸು ಹತ್ತಿ ಕರಿಯರ ಬಡಾವಣೆಗೆ ಮರಳಿದರೆ ಅವೇ ಮಾತುಗಳಿಗೆ ಬೇರೆ ಅರ್ಥ ಬಂದಿರುತ್ತಿತ್ತು. ಎಂಬತ್ತಾರರ ಆ ವರ್ಷ ಹಿಪ್ಪೊ ಅಂದರೆ ಹೊಳೆಯ ನೀರಾನೆಯಲ್ಲ, ಪೊಲೀಸರನ್ನು ಹೊತ್ತು ಬರುವ ಉಕ್ಕಿನ ಗಾಡಿ. ಮಕ್ಕಳು "ಹಿಪ್ಪೊ! ಹಿಪ್ಪೊ!" ಎಂದು ಕೂಗಿದರೆ ಬಾಗಿಲುಗಳು ದಡದಡ ಮುಚ್ಚಿಕೊಳ್ಳುತ್ತಿದ್ದವು. ನೆಕ್ಲೇಸ್ ಅಂದರೆ ಟೈರು. ಪೊಲೀಸರ ಕಡೆಯವರೆಂದು ಗುಮಾನಿ ಬಂದವರ ಕೊರಳಿಗೆ ಅದನ್ನು ಹಾಕಿ, ಪೆಟ್ರೋಲ್ ಸುರಿದು, ಕಡ್ಡಿ ಗೀರುತ್ತಿದ್ದರು. ನೊಮಾಲಿಜೊ ಅದನ್ನು ಕಣ್ಣಾರೆ ಕಂಡವಳಲ್ಲ. ವಾಸನೆ ಮಾತ್ರ ಒಮ್ಮೆ ಗಾಳಿಯಲ್ಲಿ ತೇಲಿ ಬಂದಿತ್ತು. ಆಮೇಲೆ ಬಹಳ ದಿನ ಅವಳ ಮನೆಯಲ್ಲಿ ಮಾಂಸ ಬೇಯಲಿಲ್ಲ.

ಒಂದು ಶನಿವಾರ ಹಿಪ್ಪೊ ಅವಳ ಮನೆಯ ಮುಂದೆಯೇ ನಿಂತಿತು. ಕೆಳಗಿಳಿದ ಪೊಲೀಸ್ ಕುಡಿಯಲು ನೀರು ಕೇಳಿದ. ಇಲ್ಲವೆನ್ನಲು ಧೈರ್ಯ ಸಾಲದೆ ತಂದುಕೊಟ್ಟಳು. ಅವನು ಗಟಗಟ ಕುಡಿದು, ಇಡೀ ಬೀದಿಗೆ ಕೇಳುವಂತೆ, "ನಿನ್ ಉಪಕಾರ ಮರೆಯಲ್ಲಮ್ಮಾ!" ಎಂದ. ಬೇಕೆಂದೇ ಅಂದದ್ದು. ಗಾಡಿ ಹೊರಟ ಮೇಲೆ ಎದುರುಮನೆಗಳ ಪರದೆಗಳು ಒಂದೊಂದಾಗಿ ಕೆಳಗೆ ಬಿದ್ದವು.

ಮರುದಿನ ನಲ್ಲಿಯ ಹತ್ತಿರ ಹೋದರೆ ಹೆಂಗಸರ ಮಾತು ನಿಂತುಹೋಯಿತು. ಪಕ್ಕದ ಮನೆಯ ನೊವೇತು ಮಾತ್ರ ಬಕೆಟ್ ಎತ್ತುವ ನೆಪದಲ್ಲಿ ಬಗ್ಗಿ ಪಿಸುಗುಟ್ಟಿದಳು.

"ಅಕ್ಕಾ, ಪೊಲೀಸ್ರ ಕಡೆಯವ್ರು ಅಂತ ನಿನ್ ಹೆಸ್ರು ಎತ್ತಿದಾರೆ ಕಣೇ. ನನ್ ಮಗನ ಬಾಯಲ್ಲೇ ಕೇಳ್ದೆ."

ಆ ಮಗ ಮ್ಜುಕಿಸಿ, ಬಿಳಿಯರ ಸರ್ಕಾರದ ವಿರುದ್ಧ ಎದ್ದಿದ್ದ ಬೀದಿಯ ಕಾಮ್ರೇಡ್ ಹುಡುಗರ ಮುಂದಾಳು. ಕೂಸಾಗಿದ್ದಾಗ ಅವನನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗಿದವಳು ನೊಮಾಲಿಜೊ.

ಸೋಮವಾರ ಕೆಲಸದ ಮನೆಯ ಒಡತಿ ನಗುನಗುತ್ತಾ ಅಡುಗೆಮನೆಗೆ ಬಂದಳು. "ನಿಂಗೊಂದು ನೆಕ್ಲೇಸ್ ಕಾದಿದೆ, ಗೊತ್ತಾ!"

ಕೈಲಿದ್ದ ತಟ್ಟೆ ನೆಲಕ್ಕೆ ಬಿದ್ದು ಚೂರಾಯಿತು.

"ಅಯ್ಯೋ, ಅಷ್ಟೊಂದು ಗಾಬರಿನಾ? ಬರೀ ಮುತ್ತಿಂದು ಕಣೇ. ನಿನ್ ಹುಟ್ಟುಹಬ್ಬಕ್ಕೆ ಅಂತ."

"ಇಲ್ಲೇ ಇರ್ಲಿ ಮೇಡಮ್," ಎಂದಳು ನೊಮಾಲಿಜೊ, ಚೂರು ಆಯುತ್ತಾ. ಒಡತಿಯ ಮುಖ ಬಾಡಿತು. ಅವಳಿಗೆ ಏನೆಂದು ಬಿಡಿಸಿ ಹೇಳುವುದು?

ಸಂಜೆ ಬಸ್ಸಿಳಿಯುವಲ್ಲೇ ಹುಡುಗರು ಕಾದಿದ್ದರು. ಚರ್ಚಿನ ಹಿಂದಿನ ಕೋಣೆಗೆ ಕರೆದೊಯ್ದರು. ಮ್ಜುಕಿಸಿ ಮೇಜಿನ ಹಿಂದೆ ಕೂತಿದ್ದ.

"ಅವನಿಗೆ ಏನ್ ಸುದ್ದಿ ಕೊಟ್ರಿ, ಅಮ್ಮಾ?"

"ನೀರು ಕೊಟ್ಟೆ ಕಣಪ್ಪಾ." ಬಾಗಿಲ ಬಳಿ ಪೆಟ್ರೋಲಿನ ವಾಸನೆ ಬಂದಂತಾಯಿತು. ನಿಜವೋ ಭ್ರಮೆಯೋ ತಿಳಿಯಲಿಲ್ಲ.

ಅಷ್ಟರಲ್ಲಿ ನೊವೇತು ಹುಡುಗರನ್ನು ತಳ್ಳಿಕೊಂಡು ಒಳಗೆ ನುಗ್ಗಿದಳು. "ಬೇಲಿ ಪಕ್ಕ ನಾನೇ ನಿಂತಿದ್ದೆ ಕಣೋ! ತುಟಿ ಬಿಚ್ಚಿಲ್ಲ ಅವ್ಳು. ಬಂದೂಕು ಹಿಡ್ದೋನು ನೀರು ಕೇಳಿದ್ರೆ ನಾನೂ ಕೊಡ್ತಿದ್ದೆ. ಹಾಕೋದಾದ್ರೆ ಮೊದ್ಲು ನಿಮ್ಮವ್ವನ ಕೊರಳಿಗೆ ಹಾಕು."

ಮ್ಜುಕಿಸಿ ದಾರಿ ಬಿಡುವಂತೆ ಹುಡುಗರಿಗೆ ಸನ್ನೆ ಮಾಡಿದ. "ಹೋಗಿ. ಆದ್ರೆ ನಮ್ ಕಣ್ಣು ನಿಮ್ ಮೇಲಿರುತ್ತೆ," ಎಂದ.

ಆ ವರ್ಷದ ಚಳಿಗಾಲದಲ್ಲಿ ಪೊಲೀಸರು ಮ್ಜುಕಿಸಿಯನ್ನು ಹಿಡಿದೊಯ್ದರು. ಎಲ್ಲಿಟ್ಟಿದ್ದಾರೆಂದು ಯಾರೂ ಹೇಳಲಿಲ್ಲ. ನೊವೇತುವಿಗೆ ಇಂಗ್ಲಿಷ್ ಬಾರದು. "ಜೊತೆಗೆ ಬರ್ತೀಯಾ ಅಕ್ಕಾ?" ಎಂದು ಕೇಳಿದಳು. ಠಾಣೆಯ ಮೆಟ್ಟಿಲ ಮೇಲೆ ತನ್ನನ್ನು ಯಾರಾದರೂ ಕಂಡರೆ ಏನಾಗುತ್ತದೆಂದು ನೊಮಾಲಿಜೊಗೆ ಗೊತ್ತಿತ್ತು. ಆದರೂ ಶಾಲು ಹೊದ್ದು ಹೊರಟಳು. ದಾರಿಯುದ್ದಕ್ಕೂ ಬೆನ್ನ ಹಿಂದೆ ಹೆಜ್ಜೆಯ ಸದ್ದು ಕೇಳಿದಂತಾಗುತ್ತಿತ್ತು.

ಠಾಣೆಯವನು ಮುಖ ಎತ್ತದೆಯೇ ಅಂದ: "ಅವ್ನಾ? ಸ್ನಾನದ ಮನೆಲಿ ಸ್ಲಿಪ್ ಆದ."

ಲಾಕಪ್ಪಿನಲ್ಲಿ ಸ್ಲಿಪ್ ಆದರೆಂದು ಪೊಲೀಸರು ಹೇಳಿದವರು ಶವಪೆಟ್ಟಿಗೆಯಲ್ಲಿ ಮನೆಗೆ ಬರುವುದನ್ನು ಬಡಾವಣೆ ಕಂಡಿತ್ತು. ನೊವೇತು ತೋಳು ಜಗ್ಗುತ್ತಿದ್ದಳು. "ಏನಂದ? ಅಕ್ಕಾ, ಏನಂದ ಹೇಳೇ!"

ನೊಮಾಲಿಜೊ ಮೇಜಿನ ಅಂಚು ಹಿಡಿದು ಪೊಲೀಸನನ್ನೇ ಕೇಳಿದಳು: "ಆಸ್ಪತ್ರೆಲೋ, ಶವಾಗಾರದಲ್ಲೋ, ಸರ್?"

ಅವನು ಈಗ ತಲೆಯೆತ್ತಿ ನೋಡಿದ. "ಆಸ್ಪತ್ರೆ."

"ಬದುಕಿದಾನೆ ಕಣೇ," ಎಂದು ನೊಮಾಲಿಜೊ ನೊವೇತುವಿನ ಕಡೆ ತಿರುಗಿದಳು.

ಮ್ಜುಕಿಸಿ ಮನೆಗೆ ಬರುವಾಗ ಒಂದು ಕಿವಿ ಕೇಳಿಸುತ್ತಿರಲಿಲ್ಲ, ಎಡಗಾಲು ಎಳೆದುಕೊಂಡು ನಡೆಯುತ್ತಿದ್ದ. ಹುಡುಗರು ಅವನಿಲ್ಲದೆಯೇ ಸಭೆ ಸೇರತೊಡಗಿದರು. ಬಾಗಿಲು ಬಡಿದ ಸದ್ದಾದರೆ ಸಾಕು, ಅವನು ಮಂಚದ ಕೆಳಗೆ ತೂರುತ್ತಿದ್ದ. ಅದಕ್ಕೇ ನೊಮಾಲಿಜೊ ಸಂಜೆ ಗಂಜಿ ತಂದಾಗ ಬಾಗಿಲು ಬಡಿಯುತ್ತಿರಲಿಲ್ಲ. ಅಂಗಳದಿಂದಲೇ, ಅವನ ಕೇಳುವ ಕಿವಿಯ ಕಡೆಯ ಕಿಟಕಿಗೆ ಬಾಯಿಟ್ಟು, "ನಾನು ಕಣೋ ಮಗಾ, ಪಕ್ಕದ್ಮನೆ ಅಮ್ಮ," ಎಂದು ಕೂಗಿ, ಒಳಗಿನಿಂದ ಉತ್ತರ ಬರುವ ತನಕ ನಿಂತಿರುತ್ತಿದ್ದಳು.