ಗುಡ್ಡಪ್ಪನ ಪಕ್ಕೆಯೊಳಗಿನ ತೋಳ

“ಎಪ್ಪತ್ತು ವರ್ಸದಾಗೆ ಒಂದು ರೋಗಾನೂ ನನ್ನ ಮೈ ಮುಟ್ಟಿಲ್ಲ ಕಣ್ರಲೇ!”

ತುರುವನೂರಿನ ಕುರಿಗಾರ ಗುಡ್ಡಪ್ಪ ಹೀಗೆ ಎದೆ ತಟ್ಟಿಕೊಂಡರೆ ಎದುರಾಡುವವರಿರಲಿಲ್ಲ. ಅವನು ಸೀನಿದರೆ ಹೊಸದುರ್ಗದ ತೋಟಗಳಲ್ಲಿ ಎಳನೀರು ಉದುರುತ್ತವೆ, ಅವನನ್ನು ಕಚ್ಚಿದ ಸೊಳ್ಳೆಗೇ ಚಳಿಜ್ವರ ಬರುತ್ತದೆ ಎಂಬ ಮಾತಿತ್ತು. ಹಬ್ಬಿಸಿದವನೂ ಅವನೇ.

ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಅವನ ಕುರಿಗಳು ಹೊಸದುರ್ಗದ ತೆಂಗಿನ ತೋಟಗಳಿಗೆ ಗೊಬ್ಬರಕ್ಕಾಗಿ ರಾತ್ರಿ ತಂಗಿ ಮಂದೆ ಬೀಳಲು ಹೊರಡುತ್ತಿದ್ದವು. ನಲವತ್ತು ವರ್ಷದಿಂದ ಎಡ ಹೆಗಲಿಗೆ ಕಂಬಳಿ ಹಾಕಿ ಮುಂದೆ ನಡೆಯುವವನು ಗುಡ್ಡಪ್ಪ. ತೊಂಬತ್ತೆಂಟನೇ ಇಸವಿಯಲ್ಲಿ ಹೊರಡಲು ಮೂರು ವಾರವಿದೆ ಎನ್ನುವಾಗ ಅವನ ಎಡಪಕ್ಕೆಗೆ ಕೆಂಡ ಸುರಿದಂತಾಯಿತು. ಮೂರನೇ ದಿನ ಬೆನ್ನಿನಿಂದ ಎದೆಯವರೆಗೆ ನೀರುಗುಳ್ಳೆ ಸಾಲುಗಟ್ಟಿದವು.

“ಸರ್ಪಸುತ್ತು!” ಎಂದಳು ಪಕ್ಕದ ಮನೆಯ ನಿಂಗಕ್ಕ. “ತಲೆಗೆ ಬಾಲ ಕೂಡಿದ್ರೆ ಮುಗೀತು.” ದಾರ ತಂದು ದಿನಕ್ಕೆರಡು ಸಲ ಅಳೆಯತೊಡಗಿದಳು. ಹೆಂಡತಿ ಏಕನಾಥಮ್ಮ ಕುರಿಗೆ ಗುರುತು ಹಾಕುವ ಕೆಮ್ಮಣ್ಣನ್ನೇ ಕಲಸಿ ಬಳಿದಳು. ಅಂಗಿ ತಾಕಿದರೂ ಗುಡ್ಡಪ್ಪ ಮನೆಯ ಹೆಂಚು ಹಾರುವಂತೆ ಕೂಗುತ್ತಿದ್ದ. ಮಗ ಕನಕರಾಜ್ ಅವನನ್ನು ದುರ್ಗದ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರ್ ಉಷಾರಾಣಿ ಕೆಮ್ಮಣ್ಣು ತೊಳೆಸಿ ನೋಡಿದರು. “ಅಜ್ಜ, ಇದು ಒಂದೇ ಮಗ್ಗುಲಿನ ನರ ಹಿಡಿದು ಬರುತ್ತೆ. ಸುತ್ತಿದ್ರೆ ಸಾಯ್ತಾರೆ ಅನ್ನೋದು ಸುಳ್ಳು. ಚಿಕ್ಕಂದಿನಲ್ಲಿ ಮೈತುಂಬ ಗುಳ್ಳೆ ಎದ್ದಿದ್ವಾ?”

“ಅದು ರೋಗ ಅಲ್ಲವ್ವ. ಹತ್ತು ವರ್ಸದೋನಿದ್ದಾಗ ಅಮ್ಮ ಬಂದಿದ್ಲು. ಬೇವಿನಸೊಪ್ಪು ಹಾಸಿ, ಮೊಸರನ್ನ ಎಡೆ ಇಟ್ಟು ಕಳಿಸಿದ್ವಿ.”

“ಬಂದದ್ದು ಖರೆ ಅಜ್ಜ, ಹೋಗಿಲ್ಲ. ಆ ವೈರಸ್ಸು ಅರವತ್ತು ವರ್ಷ ನಿಮ್ಮ ನರದ ಬುಡದಲ್ಲೇ ಮಲಗಿತ್ತು. ಮೈಯೊಳಗಿನ ಕಾವಲು ಅದನ್ನ ಏಳೋಕೆ ಬಿಟ್ಟಿರ್ಲಿಲ್ಲ. ವಯಸ್ಸಾದಂಗೆ ಕಾವಲು ಸಡಿಲ ಆಗುತ್ತೆ, ಅದು ಎದ್ದು ಬರುತ್ತೆ.”

ಗುಡ್ಡಪ್ಪನ ಎಪ್ಪತ್ತು ವರ್ಷದ ಜಂಬ ಆಸ್ಪತ್ರೆಯ ಸ್ಟೂಲಿನ ಮೇಲೇ ಕುಸಿದು ಕೂತಿತು. ಕನಕರಾಜ್ ಮಾತ್ರೆ ಕೊಳ್ಳುತ್ತ ಹೇಳಿದ: “ಅಪ್ಪಾ, ರೋಗ ಬಿದ್ದ ಕುರೀನ ಮಂದೆ ಜೊತಿಗೆ ಹೊಡ್ಕಂಡು ಹೋಗಬಾರ್ದು ಅಂತ ನೀನೇ ಹೇಳ್ತಿದ್ದೆ. ಇನ್ಮ್ಯಾಲೆ ನೀನು ಮನೇಲೇ ಇರು. ಈ ವರ್ಸ ಅಷ್ಟೇ ಅಲ್ಲ, ಯಾವತ್ತೂ.”

ತನ್ನ ಕಾನೂನೇ ಗುಡ್ಡಪ್ಪನ ಕೊರಳಿಗೆ ಬಿತ್ತು. ಮಾತ್ರೆ ನುಂಗಿದ, ಜಗಲಿಯಲ್ಲಿ ಕೂತ. ಗುಳ್ಳೆ ಒಣಗಿ ಹಕ್ಕಳೆ ಉದುರಿತು. ಉರಿ ಮಾತ್ರ ಹೋಗಲಿಲ್ಲ. ಅಷ್ಟರಲ್ಲಿ ಗುಡ್ಡದ ಇಳಿಜಾರಿನ ಬಾರೆಯಲ್ಲಿ ಮಗ ಕಾಯುತ್ತಿದ್ದ ಮಂದೆಗೆ ತೋಳ ನುಗ್ಗಿ ಎರಡು ಕುರಿ ಹೊತ್ತೊಯ್ದಿತು.

ಹೊರಡುವ ಬೆಳಿಗ್ಗೆ ಕನಕರಾಜ್ ಹಟ್ಟಿಯ ಬಾಗಿಲು ತೆಗೆದರೆ, ಕುರಿಗಳ ಮುಂದೆ ಗುಡ್ಡಪ್ಪ. ಕಂಬಳಿ ಬಲ ಹೆಗಲ ಮೇಲಿತ್ತು.

“ಅಪ್ಪಾ, ಡಾಕ್ಟ್ರು ಏನಂದ್ರು? ನಿನ್ನ ಕಾವಲು ಮುದಿಯಾಗೈತೆ!”

ಗುಡ್ಡಪ್ಪ ಕೋಲು ಊರಿ ತಿರುಗಿದ. “ಹ್ಞೂಂ ಕಣಪ್ಪ, ಆಗೈತೆ. ತೋಳಾನ ಪಕ್ಕೆ ಒಳಗೇ ಕಟ್ಟಾಕ್ಕಂಡು ಅರವತ್ತು ವರ್ಸ ಮಲಗ್ಸಿದ ಕಾವಲು ಅದು. ನಿನ್ನ ಹರೇದ ಕಾವಲು ಹೊರಗಿನ ತೋಳಾನ ಮೂರು ವಾರಾನೂ ತಡೀಲಿಲ್ಲ. ಹಿಂದೆ ಬಾ.”